ಬಾಲದ ತುದಿಯಲ್ಲಿ ಸಿಕ್ಕಿಕೊಂಡ ಪೊರೆ: ಚಿಕ್ಕಮಗಳೂರಿನ ಒಂದು ಸಾಕು ಹಾವಿನ ಪ್ರಕರಣ

ಚುಕ್ಕಿ ಒಂದು ಹೆಣ್ಣು ಬಾಲ್ ಪೈಥಾನ್, ಅಂದರೆ ಒಂದು ಸಣ್ಣ ಜಾತಿಯ ವಿದೇಶಿ ಹೆಬ್ಬಾವು. ವಯಸ್ಸು ಎರಡೂವರೆ ವರ್ಷ, ಉದ್ದ ಒಂದು ಮೀಟರಿಗೆ ಸ್ವಲ್ಪ ಕಮ್ಮಿ. ಚಿಕ್ಕಮಗಳೂರಿನ ಬಸವನಹಳ್ಳಿಯ ಒಂದು ಮನೆಯಲ್ಲಿ ಸಾಕಿದ ಹಾವು. ಜನವರಿಯಲ್ಲಿ ಆ ಮನೆಯ ಹುಡುಗ ನನಗೆ ಫೋನ್ ಮಾಡಿದ. "ಮೇಡಂ, ಪೊರೆ ಪೂರ್ತಿ ಬಿಡ್ತಾ ಇಲ್ಲ. ಚೂರು ಚೂರಾಗಿ ಬರ್ತಿದೆ. ಕಣ್ಣು ಇನ್ನೂ ಮಂಜಾಗೇ ಇದೆ" ಅಂದ. ಪೊರೆ ಬಿಡಲು ಶುರುವಾಗಿ ಆಗಲೇ ಒಂದು ವಾರ ಕಳೆದಿತ್ತು.

ಫೋನಿನಲ್ಲೇ ಎರಡು ಮಾತು ಹೇಳಿದೆ. ಇನ್ನು ಮೇಲೆ ಏನನ್ನೂ ಎಳೆಯಬೇಡ. ಉದುರಿದ ಪೊರೆಯ ಚೂರುಗಳನ್ನು ಎಸೆಯಬೇಡ, ಒಂದು ಕವರಿನಲ್ಲಿ ಹಾಕಿ ಹಾವಿನ ಜೊತೆಗೇ ತಗೊಂಡು ಬಾ.

ನಾನು ಪಶುವೈದ್ಯೆ. ನನ್ನ ಕ್ಲಿನಿಕ್‌ಗೆ ಬರುವುದು ಹೆಚ್ಚಾಗಿ ಹಸು, ನಾಯಿ, ಬೆಕ್ಕು. ಸಾಕು ಹಾವು ಬರುವುದು ಅಪರೂಪ. ಬಂದವುಗಳಲ್ಲಿ ಮಾತ್ರ ಈ ತೊಂದರೆಯೇ ಜಾಸ್ತಿ. ಅದರ ಜೊತೆಗೆ, ಪ್ರೀತಿಯಿಂದಲೇ ಪೊರೆ ಕಿತ್ತು ಮಾಡಿದ ಗಾಯವೂ ಇರುತ್ತದೆ. ಅದಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ಅಂಟಿಕೊಂಡ ಪೊರೆಯನ್ನು ಬಿಡಿಸುವುದು ಇಲ್ಲಿ ಸಣ್ಣ ಕೆಲಸ. ಅದು ಯಾಕೆ ಅಂಟಿಕೊಂಡಿತು ಅಂತ ಹುಡುಕುವುದೇ ದೊಡ್ಡದು. ಹುಡುಕದೆ ಬಿಟ್ಟರೆ ಮುಂದಿನ ಸಲವೂ ಅದೇ ಪಾಡು.

ಹಾವು ಬಂದಾಗ ನಾನು ಮೊದಲು ಕೇಳುವುದು ಕಾಗದಪತ್ರ. ಬಾಲ್ ಪೈಥಾನ್ ನಮ್ಮ ದೇಶದ ಹಾವಲ್ಲ, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಇದರ ಹೆಸರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಇಂಥ ವಿದೇಶಿ ಪ್ರಾಣಿಗಳು ಅದರ ನಾಲ್ಕನೇ ಅನುಸೂಚಿಗೆ ಸೇರಿದವು. 2024ರ ನಿಯಮಗಳ ಪ್ರಕಾರ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಈ ಹುಡುಗ ಮಾಡಿಸಿದ್ದ. ಮರಿ ಕೊಂಡಾಗಿನ ಬಿಲ್ಲೂ ಇತ್ತು. ನಮ್ಮ ತೋಟದ ಕೇರೆ, ನಾಗರ, ಹೆಬ್ಬಾವುಗಳ ವಿಷಯ ಬೇರೆ. ಅವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಅಂಥ ಹಾವಿನ ಮೈಮೇಲೆ ಪೊರೆ ಸಿಕ್ಕಿಕೊಂಡದ್ದು ಕಂಡರೂ ಕೈ ಹಾಕಬಾರದು. ಅರಣ್ಯ ಇಲಾಖೆಗೆ ತಿಳಿಸಬೇಕು, ಅಷ್ಟೇ.

ಪೊರೆ ಬಿಡುವುದು ಹೇಗೆ

ಇದನ್ನು ತಿಳಿದರೆ ಮುಂದಿನದೆಲ್ಲ ಸುಲಭ. ಹಾವಿನ ಹಳೆಯ ಚರ್ಮದ ಕೆಳಗೆ ಹೊಸ ಪದರ ಪೂರ್ತಿ ತಯಾರಾಗುತ್ತದೆ. ಆಮೇಲೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ತೆಳು ದ್ರವ ತುಂಬುತ್ತದೆ. ಆ ಹೊತ್ತಿನಲ್ಲಿ ಮೈ ಬಣ್ಣ ಮಾಸುತ್ತದೆ. ಕಣ್ಣು ತಿಳಿನೀಲಿಯಾಗಿ ಮಂಜಾಗುತ್ತದೆ. ಹಾವಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಸಿಡುಕು ಜಾಸ್ತಿ, ಊಟ ಬೇಡ. ಕೆಲವು ದಿನಗಳ ನಂತರ ಆ ದ್ರವ ಇಂಗಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಅದಾದ ಕೆಲವು ದಿನಕ್ಕೆ ಹಾವು ಮೂತಿಯನ್ನು ಕಲ್ಲಿಗೋ ಕಟ್ಟಿಗೆಗೋ ಉಜ್ಜಿ ತುಟಿಯ ಅಂಚಿನಲ್ಲಿ ಪೊರೆ ಬಿಡಿಸಿಕೊಳ್ಳುತ್ತದೆ. ಅಲ್ಲಿಂದ ಮುಂದಕ್ಕೆ ಹರಿಯುತ್ತಾ ಹೋದಂತೆ ಕಾಲುಚೀಲ ಕಳಚಿದ ಹಾಗೆ ಪೊರೆ ಒಳಗಿನದು ಹೊರಗಾಗಿ ಒಂದೇ ತುಂಡಾಗಿ ಬರುತ್ತದೆ. ಮೊದಲಿನಿಂದ ಕೊನೆಯವರೆಗೆ ಒಂದರಿಂದ ಎರಡು ವಾರದ ಕೆಲಸ.

ನಡುವಿನ ಆ ದ್ರವವೇ ಇಲ್ಲಿ ಮುಖ್ಯ. ಹಾವಿನ ಮೈಯಲ್ಲಿ ನೀರು ಕಮ್ಮಿಯಾದರೆ ಆ ದ್ರವವೂ ಸಾಕಾಗುವುದಿಲ್ಲ. ಸುತ್ತಲಿನ ಗಾಳಿ ಒಣಗಿದ್ದರೆ ಹಳೆಯ ಪದರ ಗರಿಗರಿಯಾಗಿ ಹರಿದು ಅಲ್ಲಲ್ಲೇ ಅಂಟಿಕೊಳ್ಳುತ್ತದೆ. ಚುಕ್ಕಿಗೆ ಆದದ್ದು ಇದೇ.

ಪರೀಕ್ಷೆಯಲ್ಲಿ ಕಂಡದ್ದು

ಹುಡುಗನ ಜೊತೆ ಅವನ ಅಪ್ಪನೂ ಬಂದಿದ್ದರು. ಅವರಿಗೆ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ. ಹಾವು ಹತ್ತಿ ಚೀಲದಲ್ಲಿ, ಚೀಲ ಥರ್ಮೋಕೋಲ್ ಪೆಟ್ಟಿಗೆಯಲ್ಲಿ. ಚಳಿಯಲ್ಲಿ ಹಾವನ್ನು ತರಲು ಅದು ಸರಿಯಾದ ಕ್ರಮ.

ತೂಕ 910 ಗ್ರಾಂ. ಹುಡುಗ ಬರೆದಿಟ್ಟ ಲೆಕ್ಕದಲ್ಲಿ ಡಿಸೆಂಬರ್ ಮೊದಲ ವಾರ 960 ಇತ್ತು. ಒಂದು ತಿಂಗಳಿಂದ ಊಟ ಬಿಟ್ಟಿತ್ತು. ಬಾಲ್ ಪೈಥಾನ್ ಚಳಿಗಾಲದಲ್ಲಿ ವಾರಗಟ್ಟಲೆ ಇಲಿ ಮುಟ್ಟದೆ ಇರುವುದು ಹೊಸದಲ್ಲ. ಅದರಿಂದ ನನಗೆ ಗಾಬರಿ ಆಗಲಿಲ್ಲ. ಆದರೆ ಪಕ್ಕದ ಚರ್ಮವನ್ನು ಮೆಲ್ಲಗೆ ಹಿಡಿದು ಬಿಟ್ಟಾಗ ಮಡಿಕೆ ತಕ್ಷಣ ಇಳಿಯಲಿಲ್ಲ. ಬಾಯೊಳಗಿನ ಜೊಲ್ಲು ಅಂಟಂಟಾಗಿ ಎಳೆಯಾಗುತ್ತಿತ್ತು. ನೀರಿನ ಕೊರತೆ ಇದೆ ಎನ್ನಲು ಇಷ್ಟು ಸಾಕು.

ಬಾಯಲ್ಲಿ ಹುಣ್ಣಿಲ್ಲ. ಉಸಿರಿನಲ್ಲಿ ಗೊರಗೊರ ಶಬ್ದವಿಲ್ಲ. ಆಮೇಲೆ ಹುಳುವಿಗಾಗಿ ಹುಡುಕಿದೆ. ಉಣ್ಣಿಯಂಥ ಸಣ್ಣ ಕಪ್ಪು ಹುಳುಗಳು ಕಣ್ಣಿನ ಸುತ್ತ, ಗದ್ದದ ಕೆಳಗಿನ ಸಂದಿನಲ್ಲಿ ಸೇರಿಕೊಳ್ಳುತ್ತವೆ, ರಕ್ತ ಹೀರುತ್ತವೆ, ಪೊರೆಯನ್ನೂ ಕೆಡಿಸುತ್ತವೆ. ಒದ್ದೆ ಬಿಳಿ ಬಟ್ಟೆಯಲ್ಲಿ ಮೈಯಿಡೀ ಒರೆಸಿ ನೋಡಿದೆ. ಬಟ್ಟೆ ಸ್ವಚ್ಛವಾಗಿತ್ತು. ನೀರಿನ ಬಟ್ಟಲಿನಲ್ಲೂ ಯಾವತ್ತೂ ಕಪ್ಪು ಚುಕ್ಕೆ ಕಂಡಿಲ್ಲ ಅಂತ ಹುಡುಗ ಹೇಳಿದ.

ಮೈಯ ನಡುಭಾಗದಲ್ಲಿ ಅಂಗೈ ಅಗಲದ ಮೂರು ನಾಲ್ಕು ಕಡೆ ಒಣ ಪೊರೆ ಅಂಟಿತ್ತು. ಬೆನ್ನಿನ ಒಂದು ಜಾಗದಲ್ಲಿ ಎಳೆಯ ಹುರುಪೆಗಳು ಕೆಂಪಾಗಿ ಹಸಿಯಾಗಿದ್ದವು. ಯಾರೋ ಹೇಳಿದರು ಅಂತ ಮನೆಯವರು ಕೊಬ್ಬರಿ ಎಣ್ಣೆ ಹಚ್ಚಿ ಉಗುರಿನಿಂದ ಸುಲಿದಿದ್ದರು. ಎಣ್ಣೆಯಿಂದ ಪೊರೆ ಮೆತ್ತಗಾಗುವುದಿಲ್ಲ. ಮೆತ್ತಗೆ ಮಾಡುವುದು ನೀರು. ಎಣ್ಣೆ ಹಚ್ಚಿದ ಮೇಲೆ ನೀರು ಒಳಗೆ ಇಳಿಯುವುದೂ ಕಷ್ಟ, ಧೂಳು ಬೇರೆ ಹಿಡಿಯುತ್ತದೆ.

ಆಮೇಲೆ ಕವರಿನಲ್ಲಿ ತಂದ ಚೂರುಗಳನ್ನು ಬಿಳಿ ಹಾಳೆಯ ಮೇಲೆ ಹರಡಿದೆ. ತಲೆಯ ಭಾಗ ಸಿಕ್ಕಿತು. ಹಾವಿಗೆ ರೆಪ್ಪೆ ಇಲ್ಲ. ಅದರ ಬದಲು ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಚಿಪ್ಪು ಇರುತ್ತದೆ. ಪೊರೆಯ ಜೊತೆ ಅದರ ಮೇಲಿನ ಪದರವೂ ಕಳಚಬೇಕು. ಸರಿಯಾಗಿ ಬಿಟ್ಟ ಪೊರೆಯ ತಲೆಯಲ್ಲಿ ಎರಡು ಗುಂಡನೆಯ ತೆಳು ಬಿಲ್ಲೆ ಕಾಣುತ್ತವೆ. ಇಲ್ಲಿ ಆ ಜಾಗದಲ್ಲಿ ಎರಡೂ ಕಡೆ ತೂತು. ಅಂದರೆ ಎರಡೂ ಕಣ್ಣಿನ ಚಿಪ್ಪಿನ ಹಳೆಯ ಪದರ ಹಾವಿನ ಮೇಲೇ ಉಳಿದಿದೆ.

ನನಗೆ ನಿಜವಾಗಿ ಚಿಂತೆ ಆದದ್ದು ಬಾಲದ ತುದಿ ನೋಡಿ. ಅಲ್ಲಿ ಉಂಗುರದ ಹಾಗೆ ಒಣ ಪೊರೆ ಸುತ್ತಿಕೊಂಡಿತ್ತು. ಲೆನ್ಸ್ ಹಿಡಿದು ನೋಡಿದರೆ ಒಂದಲ್ಲ, ಮೂರು ಪದರ. ಅಂದರೆ ಹಿಂದಿನ ಎರಡು ಸಲದ ಪೊರೆಯೂ ಅಲ್ಲೇ ಉಳಿದಿತ್ತು. ಮನೆಯವರ ಗಮನಕ್ಕೆ ಅದು ಬಂದಿರಲಿಲ್ಲ. ಬಾಲದ ಕೊನೆಯ ಅರ್ಧ ಸೆಂಟಿಮೀಟರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಉಂಗುರ ಒಣಗಿದಷ್ಟೂ ಬಿಗಿಯುತ್ತದೆ, ತುದಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಚುಕ್ಕಿಯ ಬಾಲದಲ್ಲಿ ಉಂಗುರದ ಹಿಂದೆ ಸ್ವಲ್ಪ ಊತ ಇತ್ತು. ತುದಿ ಸೊರಗಿ ಕಪ್ಪಾಗಿತ್ತು.

ಮಲೆನಾಡಿನಲ್ಲಿ ತೇವ ಕಮ್ಮಿಯಾಗುತ್ತದಾ?

ಗೂಡಿನ ಗಾಳಿ ಒಣಗಿದೆ ಅಂದದ್ದನ್ನು ಹುಡುಗ ಒಪ್ಪಲಿಲ್ಲ. "ಮೇಡಂ, ಇದು ಚಿಕ್ಕಮಗಳೂರು. ಮಳೆಗಾಲದಲ್ಲಿ ನಮ್ಮನೆ ಗೋಡೆಗೂ ಬೂಸ್ಟು ಬರುತ್ತೆ. ಮೀಟರ್ ಕೂಡ 60 ತೋರಿಸ್ತಿದೆ" ಅಂದ. ಅವನ ಮಾತಿಗೆ ಆಧಾರ ಇತ್ತು. ಬಾಲ್ ಪೈಥಾನ್‌ಗೆ ಶೇಕಡ 55ರಿಂದ 65 ತೇವಾಂಶ ಸಾಕು, ಪೊರೆ ಬಿಡುವಾಗ 70. ಮೀಟರ್ ಪ್ರಕಾರ ಎಲ್ಲ ಸರಿ ಇತ್ತು.

ಸಂಜೆ ಅವರ ಮನೆಗೆ ಹೋಗಿ ಹಾವಿನ ಗೂಡು ನೋಡಿದೆ. ಗಾಜಿನ ತೊಟ್ಟಿ, ಮೇಲೆ ಪೂರ್ತಿ ತಂತಿ ಜಾಲರಿಯ ಮುಚ್ಚಳ. ಜಾಲರಿಯ ಮೇಲೆ ಸೆರಾಮಿಕ್ ಹೀಟರ್ ಬಲ್ಬು, ಚಳಿ ಅಂತ ಹಗಲು ರಾತ್ರಿ ಉರಿಯುತ್ತಿತ್ತು. ನೆಲಕ್ಕೆ ಮರದ ಹೊಟ್ಟು. ನೀರಿಗೆ ಒಂದು ಸಣ್ಣ ಬಟ್ಟಲು. ಗಾಜಿನ ಮೇಲ್ಭಾಗದಲ್ಲಿ ಅಂಟಿಸಿದ ಮುಳ್ಳಿನ ಮೀಟರ್. ನನ್ನ ಡಿಜಿಟಲ್ ಮೀಟರಿನ ತಂತಿಯನ್ನು ಹಾವು ಮಲಗುವ ಜಾಗದಲ್ಲೇ ಇಟ್ಟೆ. ಬಿಸಿ ಬದಿಯಲ್ಲಿ ಶೇಕಡ 31, ತಣ್ಣನೆ ಬದಿಯಲ್ಲಿ 38. ಮುಳ್ಳಿನ ಮೀಟರ್ ಆಗಲೂ 60ರಲ್ಲೇ ನಿಂತಿತ್ತು. ಮುಚ್ಚಳ ತೆಗೆದು ಊದಿದರೂ ಅಲ್ಲಾಡಲಿಲ್ಲ.

ಮೀಟರ್ ನಂಬಬಹುದೇ ಅಂತ ನೋಡಲು ಅಡುಗೆ ಉಪ್ಪೇ ಸಾಕು. ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗಿ ಹೋಗದಷ್ಟು, ಕೆಸರಾಗುವಷ್ಟು ಮಾತ್ರ ನೀರು ಸೇರಿಸಬೇಕು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಬೇಕು. ಒಳಗಿನ ತೇವಾಂಶ ಶೇಕಡ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ ಬೇರೆ ಏನಾದರೂ ತೋರಿಸಿದರೆ ತಪ್ಪು ಮೀಟರಿನದು. ಹುಡುಗ ಅವತ್ತು ರಾತ್ರಿಯೇ ಮಾಡಿ ನೋಡಿದ. ಮುಳ್ಳಿನ ಮೀಟರ್ ಉಪ್ಪಿನ ಡಬ್ಬಿಯಲ್ಲೂ 60 ಅಂದಿತು.

ಹೊರಗೆ ತೇವ ಇದ್ದರೂ ಗೂಡು ಯಾಕೆ ಒಣಗುತ್ತದೆ? ಬಿಸಿ ಗಾಳಿ ಹೆಚ್ಚು ನೀರಾವಿ ಹಿಡಿಯಬಲ್ಲದು. ಬೆಳಿಗ್ಗೆ 18 ಡಿಗ್ರಿಯಲ್ಲಿ ಶೇಕಡ 70 ತೇವಾಂಶ ಇರುವ ಗಾಳಿಯನ್ನು ತೊಟ್ಟಿಯೊಳಗೆ 31 ಡಿಗ್ರಿಗೆ ಬಿಸಿ ಮಾಡಿ ನೋಡಿ. ಅದರಲ್ಲಿರುವ ನೀರು ಅಷ್ಟೇ. ಆದರೆ ತೇವಾಂಶ ಶೇಕಡ 32ರ ಹತ್ತಿರಕ್ಕೆ ಇಳಿಯುತ್ತದೆ. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದ ಊರು. ಜನವರಿ ರಾತ್ರಿಗಳಲ್ಲಿ ಚಳಿ ಚೆನ್ನಾಗಿಯೇ ಇರುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ ಬಲ್ಬು ಹೆಚ್ಚು ದುಡಿಯಬೇಕು, ಗೂಡು ಅಷ್ಟೂ ಒಣಗುತ್ತದೆ. ಮೇಲೆ ಜಾಲರಿ ಇದ್ದರೆ ಇರುವ ಚೂರುಪಾರು ಆವಿಯೂ ಮೇಲೆದ್ದು ಹೋಗುತ್ತದೆ.

ಈ ಲೆಕ್ಕ ಹುಡುಗನಿಗಿಂತ ಮೊದಲು ಅವನ ಅಪ್ಪನಿಗೆ ಹೊಳೆಯಿತು. "ಡಾಕ್ಟ್ರೇ, ಈಗ ಕಣದಲ್ಲಿ ಪಾರ್ಚ್‌ಮೆಂಟ್, ಅಂದ್ರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ, ಎಂಟು ಹತ್ತು ದಿನಕ್ಕೆ ಒಣಗಿ ಬರುತ್ತೆ. ಅದೇ ಗಾಳಿ ಅಲ್ವಾ ಇಲ್ಲೂ ಇರೋದು? ಅದನ್ನ ಇನ್ನೂ ಕಾಯಿಸ್ತಾ ಇದ್ದೀವಿ ನಾವು" ಅಂದರು. ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿ ಮುಗಿಸಿದರು. ಕಾಫಿ ಕೊಯ್ಲಿನ ಕಾಲವೇ ನಮ್ಮಲ್ಲಿ ಗಾಳಿ ಒಣಗುವ ಕಾಲ. ಕಾಫಿ ಹೂ ಅರಳಿಸುವ ಹೂಮಳೆ ಬರುವ ತನಕ ಹಾಗೇ.

ಆಫ್ರಿಕಾದ ಹುಲ್ಲುಗಾವಲೂ ಒಣ ಜಾಗವೇ. ಆದರೆ ಅಲ್ಲಿ ಈ ಹಾವು ಹಗಲೆಲ್ಲ ಇಲಿಯ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಇರುತ್ತದೆ. ಮಣ್ಣಿನೊಳಗೆ ತಂಪು ಇದೆ, ತೇವ ಇದೆ. ಚುಕ್ಕಿಯ ತೊಟ್ಟಿಯಲ್ಲಿ ಅಂಥ ಒಂದು ಮೂಲೆಯೂ ಇರಲಿಲ್ಲ. ಅಡಗಲು ಒಂದು ಮರದ ಪೆಟ್ಟಿಗೆ ಇತ್ತು. ಅದೂ ಬಲ್ಬಿನ ಕೆಳಗೇ.

ಪೊರೆ ಬಿಡಿಸಿದ ಬಗೆ

ಕ್ಲಿನಿಕ್‌ನಲ್ಲಿ ಮಾಡಿದ್ದು ಇಷ್ಟು. ಮುಚ್ಚಳಕ್ಕೆ ತೂತು ಇರುವ, ಚಿಲಕ ಬಿಗಿಯಾದ ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಟವೆಲ್ಲುಗಳು. ನೀರು 29ರಿಂದ 30 ಡಿಗ್ರಿ, ಥರ್ಮಾಮೀಟರ್ ಹಿಡಿದೇ ನೋಡಿದ್ದು. ಕೈ ನಂಬುವುದು ಬೇಡ. ನಮ್ಮ ಕೈಗೆ ಹಿತವಾಗಿ ಬೆಚ್ಚಗಿದೆ ಅನಿಸಿದ ನೀರು ಹಾವಿಗೆ ಜಾಸ್ತಿ ಬಿಸಿ ಇರಬಹುದು. ಚುಕ್ಕಿಯನ್ನು ಟವೆಲ್ಲುಗಳ ನಡುವೆ ಬಿಟ್ಟು ಡಬ್ಬಿಯನ್ನು ಬೆಚ್ಚಗಿನ ಕೋಣೆಯಲ್ಲಿ ಇಟ್ಟೆವು. ಸುಮಾರು ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಒಬ್ಬರು ಪಕ್ಕದಲ್ಲೇ ಇದ್ದರು.

ಬಕೆಟ್ಟಿನಲ್ಲಿ ನೀರು ತುಂಬಿ ಹಾವನ್ನು ಮುಳುಗಿಸಿ ಇಡುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಹಾವು ಹೆದರಿ ಸುತ್ತು ಹೊಡೆಯುತ್ತದೆ, ಸುಸ್ತಾಗುತ್ತದೆ, ನೀರು ಬೇಗ ತಣ್ಣಗಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಹಾವಿಗೆ ಅಡಗಿದ ನೆಮ್ಮದಿ ಇರುತ್ತದೆ. ಹರಿದಾಡಿದಾಗ ಬಟ್ಟೆಯೇ ಪೊರೆಯನ್ನು ಉಜ್ಜುತ್ತದೆ.

ಆಮೇಲೆ ಇನ್ನೊಂದು ಒದ್ದೆ ಟವೆಲ್ಲನ್ನು ಅಂಗೈಯಲ್ಲಿ ಸಡಿಲವಾಗಿ ಹಿಡಿದು ಚುಕ್ಕಿಯನ್ನು ಅದರೊಳಗಿಂದ ತಾನಾಗಿ ಹರಿಯಲು ಬಿಟ್ಟೆ. ಹರಿಯುವುದು ಹಾವಿನ ಕೆಲಸ, ಹಿಡಿತ ಮಾತ್ರ ನಮ್ಮದು. ತಲೆಯಿಂದ ಬಾಲದ ಕಡೆಗೆ, ಎಂದೂ ಹಿಂದುಮುಂದಾಗಿ ಅಲ್ಲ. ಎರಡನೇ ಸುತ್ತಿಗೆ ಮೈಮೇಲಿನ ಪೊರೆ ಬಹುಪಾಲು ಬಟ್ಟೆಯಲ್ಲೇ ಉಳಿಯಿತು. ಬೆನ್ನಿನ ಹಸಿ ಜಾಗದ ಅಂಚಿನಲ್ಲಿ ಸ್ವಲ್ಪ ಉಳಿದಿತ್ತು. ಅದನ್ನು ಮುಟ್ಟಲಿಲ್ಲ. ಗಾಯಕ್ಕೆ ಚೆನ್ನಾಗಿ ತೆಳು ಮಾಡಿದ ಪೊವಿಡೋನ್ ಅಯೋಡಿನ್ ಎಂಬ ನಂಜುನಿರೋಧಕ ದ್ರಾವಣ ಒರೆಸಿದೆ. ಮರದ ಹೊಟ್ಟು ಗಾಯಕ್ಕೆ ಮೆತ್ತದಿರಲಿ ಅಂತ ಸ್ವಲ್ಪ ದಿನ ಬರೀ ಪೇಪರ್ ಹಾಸಲು ಹೇಳಿದೆ.

ಬಾಲಕ್ಕೆ ಬೇರೆಯದೇ ತಾಳ್ಮೆ ಬೇಕು. ಒದ್ದೆ ಗಾಜ್ ಬಟ್ಟೆಯನ್ನು ತುದಿಗೆ ಸಡಿಲವಾಗಿ ಸುತ್ತಿ ಹತ್ತು ನಿಮಿಷ ಬಿಟ್ಟೆ. ಆಮೇಲೆ ಒದ್ದೆ ಹತ್ತಿಕಡ್ಡಿಯನ್ನು ಉಂಗುರದ ಅಂಚಿನ ಮೇಲೆ ಹೊರಳಿಸುತ್ತಾ ಬಂದೆ. ಮೊದಲ ಪದರ ಬಂತು. ಮತ್ತೆ ಒದ್ದೆ ಬಟ್ಟೆ, ಮತ್ತೆ ಕಾಯುವುದು. ಎರಡನೆಯದೂ ಬಂತು. ಮೂರನೆಯದು ಹುರುಪೆಗೇ ಹತ್ತಿಕೊಂಡಿತ್ತು. ಜೋರು ಮಾಡಿದ್ದರೆ ಚರ್ಮವೇ ಬರುತ್ತಿತ್ತು. ಅಲ್ಲಿಗೆ ನಿಲ್ಲಿಸಿ ಎರಡು ದಿನ ಬಿಟ್ಟು ಮತ್ತೆ ಕರೆಸಿದೆ. ಆಗ ಅದು ಸುಮ್ನೆ ಜಾರಿ ಬಂತು. ಉಂಗುರದ ಹಿಂದಿನ ಊತ ಕೆಲವೇ ದಿನದಲ್ಲಿ ಇಳಿಯಿತು, ಬಣ್ಣ ಮರಳಿತು. ತೀರಾ ತುದಿಯ ನಾಲ್ಕು ಮಿಲಿಮೀಟರ್ ಮಾತ್ರ ಕಪ್ಪಾಗಿಯೇ ಉಳಿಯಿತು. ಅದು ಸತ್ತ ಭಾಗ. ಒಣಗಿ ಗಟ್ಟಿಯಾಗಿದ್ದರೆ ಕಾಯಬಹುದು. ಒದ್ದೆಯಾಗಿ ವಾಸನೆ ಬಂದರೆ, ಕಪ್ಪು ಮೇಲಕ್ಕೆ ಏರಿದರೆ ಶಸ್ತ್ರಚಿಕಿತ್ಸೆಯೇ ಗತಿ. ದಿನವೂ ಒಂದು ಫೋಟೋ ತೆಗೆದು ಕಳಿಸಲು ಹುಡುಗನಿಗೆ ಹೇಳಿದೆ. ಒಂದು ದಿನವೂ ತಪ್ಪಿಸಲಿಲ್ಲ.

ಕಣ್ಣಿನ ವಿಷಯ. ಬಲಗಣ್ಣಿನ ಹಳೆಯ ಚಿಪ್ಪು ಒದ್ದೆ ಟವೆಲ್ಲಿನಲ್ಲೇ ತಾನಾಗಿ ಬಿಟ್ಟಿತ್ತು. ಎಡಗಣ್ಣಿನದು ಬರಲಿಲ್ಲ. ಮನೆಯವರು ಇಕ್ಕಳದಲ್ಲಿ ತೆಗೆಯಬಹುದಾ, ಸೆಲ್ಲೋ ಟೇಪ್ ಅಂಟಿಸಿ ಎಳೆಯಬಹುದಾ ಅಂತ ಕೇಳಿದರು. ಎಲ್ಲೋ ವಿಡಿಯೋದಲ್ಲಿ ನೋಡಿದ್ದರಂತೆ. ದಯವಿಟ್ಟು ಯಾರೂ ಈ ಕೆಲಸ ಮಾಡಬೇಡಿ. ಹಳೆಯ ಪದರದ ಕೆಳಗೆ ಇರುವುದು ಹಾವಿನ ನಿಜವಾದ ಕಣ್ಣುಚಿಪ್ಪು. ಎಳೆಯುವಾಗ ಅದೂ ಕಿತ್ತು ಬಂದರೆ ಒಳಗಿನ ಕಣ್ಣು ಗಾಳಿಗೆ ಒಡ್ಡಿಕೊಂಡು ಒಣಗುತ್ತದೆ. ಆ ಕಣ್ಣು ಮತ್ತೆ ಸಿಗುವುದಿಲ್ಲ. ಕಾಯುವುದರಿಂದ ಅಂಥ ನಷ್ಟವಿಲ್ಲ. ಒಂದು ಸಲದ ಚಿಪ್ಪು ಉಳಿದರೆ ಸಾಮಾನ್ಯವಾಗಿ ಮುಂದಿನ ಪೊರೆಯ ಜೊತೆಗೇ ಹೋಗುತ್ತದೆ. ಕಣ್ಣು ಒದ್ದೆಯಾಗಿರಲಿ ಅಂತ ಒಂದು ಲೂಬ್ರಿಕೆಂಟ್ ಜೆಲ್ ಬರೆದುಕೊಟ್ಟೆ. ಊದಿಕೊಂಡರೆ ಅಥವಾ ಕೀವು ಕಂಡರೆ ಕೂಡಲೇ ಬರಲು ಹೇಳಿದೆ.

ಗೂಡಿನ ರಿಪೇರಿ

ಇದಕ್ಕೆ ಖರ್ಚು ದೊಡ್ಡದೇನೂ ಆಗಲಿಲ್ಲ. ಜಾಲರಿಯ ಮುಕ್ಕಾಲು ಭಾಗಕ್ಕೆ ಅಕ್ರಿಲಿಕ್ ಶೀಟ್ ಮುಚ್ಚಿದರು. ಗಾಳಿಯಾಡಲು ಒಂದು ಬದಿ ಬಿಟ್ಟರು. ಬಲ್ಬಿಗೆ ಬಿಸಿ ಹದ ಮೀರದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಹಾಕಿಸಿದರು. ಬಿಸಿ ಬದಿ 32, ತಣ್ಣನೆ ಬದಿ 26 ಡಿಗ್ರಿ. ಬೆನ್ನಿನ ಗಾಯ ಒಣಗಿದ ಮೇಲೆ ಪೇಪರ್ ತೆಗೆದು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಸಿದರು. ಅಡಿ ತೇವ, ಮೇಲ್ಪದರ ಒಣ. ಇದು ಮುಖ್ಯ. ತೇವ ಬೇಕು ಅಂತ ಹೇಳಿದ ಕೂಡಲೇ ಕೆಲವರು ನೆಲವನ್ನೇ ಕೆಸರು ಮಾಡಿಬಿಡುತ್ತಾರೆ. ಹೊಟ್ಟೆಯ ಹುರುಪೆಗಳಲ್ಲಿ ಗುಳ್ಳೆ ಎದ್ದು ಕೊಳೆಯಲು ಅಷ್ಟು ಸಾಕು. ಹಾವಿಗೆ ಬೇಕಾದದ್ದು ತೇವದ ಗಾಳಿ, ಒದ್ದೆ ನೆಲ ಅಲ್ಲ.

ನೀರಿಗೆ ಹಾವು ಸುತ್ತಿಕೊಂಡು ಕೂರುವಷ್ಟು ಅಗಲದ ಮಣ್ಣಿನ ತಟ್ಟೆ ಬಂತು. ಸಂತೆಯಲ್ಲಿ ಸಿಗುವಂಥದ್ದೇ. ಜೊತೆಗೆ ತೇವದ ಅಡಗುತಾಣ ಒಂದು. ದೊಡ್ಡ ಐಸ್‌ಕ್ರೀಂ ಡಬ್ಬಿಯ ಪಕ್ಕಕ್ಕೆ ಹಾವು ನುಸುಳುವಷ್ಟು ತೂತು ಮಾಡಿ ಅಂಚನ್ನು ನಯ ಮಾಡಿದರು. ಒಳಗೆ ಆರ್ಕಿಡ್ ಬೆಳೆಸುವವರು ಬಳಸುವ ಸ್ಫ್ಯಾಗ್ನಮ್ ಪಾಚಿಯನ್ನು ನೆನೆಸಿ ಹಿಂಡಿ ತುಂಬಿದರು. ಬೇಕಾದಾಗ ಹಾವು ಒಳಗೆ ಹೋಗುತ್ತದೆ, ಬೇಡವಾದಾಗ ಹೊರಗೆ ಬರುತ್ತದೆ. ಅದಕ್ಕೆ ಬಿಲ ಸಿಕ್ಕಿದಂತಾಯಿತು. ಬೂಸ್ಟು ಹಿಡಿಯದಂತೆ ವಾರಕ್ಕೊಮ್ಮೆ ಪಾಚಿ ತೊಳೆಯಬೇಕು. ಮೂತಿ ಉಜ್ಜಲು ಒಂದು ಒರಟು ಕಾಫಿ ಕೊಂಬೆಯನ್ನು ಅಪ್ಪನೇ ತೋಟದಿಂದ ತಂದು, ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಇಟ್ಟರು.

ಮುಂದಿನ ಪೊರೆ

ಫೆಬ್ರವರಿ ಕೊನೆಗೆ ಚುಕ್ಕಿಯ ಕಣ್ಣು ಮತ್ತೆ ನೀಲಿಯಾಯಿತು. ಎಡಗಣ್ಣು ಬಲಗಣ್ಣಿಗಿಂತ ಹೆಚ್ಚು ಮಂಜು. ಹಾವನ್ನು ಎತ್ತಬೇಡಿ, ಊಟ ಕೊಡಬೇಡಿ, ತೇವಾಂಶ 70ರ ಹತ್ತಿರ ಇರಲಿ, ಬೇರೇನೂ ಮಾಡಬೇಡಿ ಅಂತ ಹೇಳಿದೆ. ಹುಡುಗನಿಗೆ ಆ ದಿನಗಳು ಬಹಳ ಕಷ್ಟವಾದವು. ಚಿಕಿತ್ಸೆಗಿಂತ ಈ ಸುಮ್ಮನಿರುವುದೇ ಸಾಕುವವರಿಗೆ ಕಠಿಣ. ನನಗೆ ಅವನ ಆತಂಕ ಅರ್ಥವಾಗುತ್ತಿತ್ತು. ಅವನು ಆ ಹಾವನ್ನು ನಿಜವಾಗಿ ಹಚ್ಚಿಕೊಂಡಿದ್ದಾನೆ.

ಒಂದು ಬೆಳಿಗ್ಗೆ ಐಸ್‌ಕ್ರೀಂ ಡಬ್ಬಿಯ ಬಾಯಿಂದ ಕೊಂಬೆಯವರೆಗೆ ಪೊರೆ ಒಂದೇ ತುಂಡಾಗಿ ಬಿದ್ದಿತ್ತು. ಹುಡುಗ ಅದನ್ನು ಒದ್ದೆ ಇದ್ದಾಗಲೇ ಡಬ್ಬಿಯಲ್ಲಿ ಹಾಕಿ ತಂದ. ಬಿಡಿಸಿ ನೋಡಿದೆವು. ಬಲಗಣ್ಣಿನ ಬಿಲ್ಲೆ ತೆಳುವಾಗಿ, ತಿಳಿಯಾಗಿತ್ತು. ಎಡಗಣ್ಣಿನದು ದಪ್ಪ. ಲೆನ್ಸ್‌ನಲ್ಲಿ ಎರಡು ಪದರ ಒಂದರ ಮೇಲೊಂದು ಕೂತದ್ದು ಸ್ಪಷ್ಟವಾಗಿ ಕಂಡಿತು. ಹಳೆಯ ಚಿಪ್ಪು ಹೊಸದರ ಜೊತೆಗೇ ಬಂದಿತ್ತು. ಬಾಲದ ಕಪ್ಪು ತುದಿಯೂ ಈ ಪೊರೆಯ ಕೊನೆಯಲ್ಲೇ ಕಳಚಿ ಬಂದಿತ್ತು. ಅದರ ಹಿಂದೆ ಚರ್ಮ ವಾಸಿಯಾಗಿ ಮುಚ್ಚಿತ್ತು. ಚುಕ್ಕಿಯ ಬಾಲ ಈಗ ಸ್ವಲ್ಪ ಮೊಂಡು. ಬೆನ್ನಿನ ಗಾಯದ ಜಾಗದಲ್ಲಿ ಹುರುಪೆಗಳು ಸ್ವಲ್ಪ ಓರೆಯಾಗಿ ಬೆಳೆದಿವೆ. ಮುಂದೆಯೂ ಪೊರೆ ಹಿಡಿಯುವುದಾದರೆ ಅಲ್ಲೇ ಹಿಡಿಯಬಹುದು, ಗಮನ ಇಡಬೇಕು. ಅದೇ ವಾರ ಒಂದು ಇಲಿ ತಿಂದಿತು. ಮಾರ್ಚ್ ಕೊನೆಗೆ ತೂಕ 975 ಗ್ರಾಂ.

ಪ್ರತಿ ಸಲದ ಪೊರೆಯಲ್ಲಿ ಎರಡು ಜಾಗ ನೋಡಿ ದಿನಾಂಕದ ಜೊತೆ ಬರೆದಿಡಲು ಮನೆಯವರಿಗೆ ಹೇಳಿದ್ದೇನೆ. ಕಣ್ಣಿನ ಬಿಲ್ಲೆಗಳು ಎರಡೂ ಇವೆಯೇ, ಬಾಲದ ತುದಿ ಬಂದಿದೆಯೇ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ. ಆಗ ಅಕ್ರಿಲಿಕ್ ಶೀಟ್ ಅರ್ಧ ಸರಿಸಬೇಕು, ಪಾಚಿಯ ಡಬ್ಬಿಯನ್ನು ಪೊರೆ ಬಿಡುವ ವಾರ ಮಾತ್ರ ಇಡಬೇಕು, ಕೋಕೋಪೀಟ್ ಬೂಸ್ಟು ಹಿಡಿದರೆ ಬದಲಿಸಬೇಕು. ಡಿಜಿಟಲ್ ಮೀಟರಿಗೂ ವರ್ಷಕ್ಕೆರಡು ಸಲ, ಮಳೆಗಾಲದ ಮೊದಲು ಮತ್ತು ಕೊಯ್ಲಿನ ಮೊದಲು, ಉಪ್ಪಿನ ಪರೀಕ್ಷೆ ಆಗಬೇಕು.